ಇಂಜೆಕ್ಷನ್ ಹೋಗಿದೆ ಅನ್ನೋ ಮೊದಲು (ಹಳೇ ಗಾಡಿ ಸರಣಿ, 6)

ಆಯುಧಪೂಜೆ ಹತ್ತಿರ ಬಂತು ಅಂದ್ರೆ ಶಿವಮೊಗ್ಗ, ಭದ್ರಾವತಿ ಎರಡೂ ಕಡೆ ಒಂದೇ ಮಾತು: "ಗಾಡಿ ಸ್ಟಾರ್ಟ್ ಆಗ್ತಿಲ್ಲ, ಇಂಜೆಕ್ಷನ್ ಹೋಗಿದ್ಯಂತೆ." ಈ "ಅಂತೆ" ಮೇಲೆ ನನಗೆ ನಂಬಿಕೆ ಇಲ್ಲ. ಮಳೆಗಾಲ ಪೂರ್ತಿ ನಿಂತ ಗಾಡಿಯಲ್ಲಿ ಮೊದಲು ಕೆಡೋದು ಬ್ಯಾಟರಿ, ಪೆಟ್ರೋಲ್, ವೈರು. ಬಿಲ್ ಮಾತ್ರ ಇಂಜೆಕ್ಷನ್ ಹೆಸರಲ್ಲಿ ಬರುತ್ತೆ.

ಹಿಮ ಬೀಳೋ ದೇಶಗಳಲ್ಲಿ ಚಳಿಗಾಲಕ್ಕೆ ಹಳೇ ಕಾರನ್ನ ಹೊದಿಸಿ ಇಡ್ತಾರೆ. ನಮ್ಮಲ್ಲಿ ಆ ಕೆಲಸ ಮಾಡ್ಸೋದು ಮಳೆ. ಆರಿದ್ರಾ ಹಿಡೀತು ಅಂದ್ರೆ ವಿಐಎಸ್‌ಎಲ್, ಎಂಪಿಎಂನಿಂದ ರಿಟೈರ್ ಆದವರ ಮನೆ ಮುಂದೆ ಮಾರುತಿ 800, ಝೆನ್ ಎಲ್ಲ ಟಾರ್ಪಾಲ್ ಹೊದ್ದು ಮಲಗ್ತವೆ. ಮಕ್ಕಳು ಬೆಂಗಳೂರಲ್ಲಿ, ಅಜ್ಜಂಗೆ ಮಳೇಲಿ ಓಡ್ಸೋ ಧೈರ್ಯ ಇಲ್ಲ. 800 ಏನು ಕ್ಲಾಸಿಕ್ ಕಾರಾ ಅಂತ ನಗಬೇಡಿ. 1983ರ ಡಿಸೆಂಬರ್‌ನಲ್ಲಿ ಬಂದು 2014ರ ಜನವರಿವರೆಗೆ ತಯಾರಾದ ಗಾಡಿ ಅದು. 2000ದ ಹೊತ್ತಿಗೆ ಕಾರ್ಬುರೇಟರ್ ಹೋಗಿ ಇಂಜೆಕ್ಷನ್ ಬಂತು. ಆ ಮೊದಲ ಇಂಜೆಕ್ಷನ್ ಗಾಡಿಗಳು ಈಗ ನಮಗಿಂತ ವಯಸ್ಸಲ್ಲಿ ದೊಡ್ಡವು.

ಹೋದ ವರ್ಷ ಭದ್ರಾವತಿಯ ದೊಡ್ಡಪ್ಪನ 800 ಹೀಗೇ ಕೈಕೊಟ್ಟಿತು. ಒಂದು ಗ್ಯಾರೇಜ್‌ನವರು ಬಾನೆಟ್ ಎತ್ತಿ ಹತ್ತು ನಿಮಿಷ ನೋಡಿ "ಇಸಿಎಂ ಹೋಗಿದೆ, 12,000" ಅಂದ್ರು. ಅಳತೆ ಏನೂ ಮಾಡಿರ್ಲಿಲ್ಲ. ಎರಡನೇ ಮೆಕ್ಯಾನಿಕ್ ಮಾಡಿದ್ದು ಬೇರೆ. ಸೆಲ್ಫ್ ಹೊಡೀದೆ ಕೀ ಆನ್ ಮಾತ್ರ ಮಾಡಿ, ಹಿಂದಿನ ಸೀಟಿನ ಹತ್ತಿರ ಕಿವಿ ಇಟ್ರು. ಟ್ಯಾಂಕ್ ಒಳಗಿನ ಪಂಪ್ ಎರಡು ಮೂರು ಸೆಕೆಂಡ್ "ಗುಂಯ್" ಅಂದು ನಿಲ್ಲಬೇಕು. ಒಂದ್ಸಲ ಅಂತು, ಇನ್ನೊಂದ್ಸಲ ಇಲ್ಲ. ಚೆಕ್ ಇಂಜಿನ್ ದೀಪಾನೂ ಹಾಗೇ, ಮನಸ್ಸು ಬಂದಾಗ ಹತ್ತೋದು. ಹೀಗೆ ಎರಡೂ ಒಟ್ಟಿಗೆ ಆಟ ಆಡಿದ್ರೆ ಮೊದಲು ಕರೆಂಟ್ ಎಲ್ಲಿ ತಪ್ತಿದೆ ನೋಡ್ಬೇಕು ಅಂತ ಮೀಟರ್ ತಗೊಂಡ್ರು. ಬ್ಯಾಟರಿ 12.5 ವೋಲ್ಟ್, ಪರವಾಗಿಲ್ಲ. ಆಮೇಲೆ ಸಿಕ್ಕಿದ್ದು ಎರಡನೇ ಫೋಟೋದಲ್ಲಿರೋದು: ಇಂಜಿನ್‌ಗೆ ಬೋಲ್ಟ್ ಹಾಕಿರೋ ಅರ್ತ್ ವೈರಿನ ತುದಿ, ಮೈತುಂಬ ಹಸಿರು ಕಿಲುಬು. ಎಮರಿ ಪೇಪರಲ್ಲಿ ಉಜ್ಜಿ ಬಿಗಿ ಮಾಡಿದ್ಮೇಲೆ ಪಂಪ್ ಪ್ರತಿ ಸಲ ಗುಂಯ್.

ಆದ್ರೂ ಗಾಡಿ ಕೆಮ್ಮಿ ಕೆಮ್ಮಿ ನಿಲ್ತಿತ್ತು. ಸ್ಪಾರ್ಕ್ ಪ್ಲಗ್ ಬಿಚ್ಚಿದ್ರೆ ಪೆಟ್ರೋಲಿಂದ ಒದ್ದೆ. ಅಂದ್ರೆ ಇಂಜೆಕ್ಟರ್ ತೆರೀತಿದೆ, ಬರ್ತಿರೋ ಪೆಟ್ರೋಲೇ ಸರಿ ಇಲ್ಲ. 2023ರ ಫೆಬ್ರವರಿಯಲ್ಲಿ ಬೆಂಗಳೂರಲ್ಲೇ ಇ20 ಬಿಡುಗಡೆ ಆಯ್ತಲ್ಲ, ಅದರಲ್ಲಿ 20% ಎಥನಾಲ್. ಎಥನಾಲ್‌ಗೆ ಗಾಳಿಯ ತೇವ ಹೀರೋ ಗುಣ. ಅರ್ಧ ಖಾಲಿ ಟ್ಯಾಂಕ್, ಮಲೆನಾಡ ಮಳೆಗಾಲದ ಗಾಳಿ, ನಾಲ್ಕು ತಿಂಗಳು. ನೀರು ಜಾಸ್ತಿ ಆದ್ರೆ ಎಥನಾಲ್ ನೀರಿನ ಜೊತೆ ಸೇರಿ ಪೆಟ್ರೋಲ್ ಬಿಟ್ಟು ತಳಕ್ಕೆ ಇಳಿಯುತ್ತೆ. ಪಂಪ್ ಎಳ್ಕೊಳ್ಳೋದೂ ತಳದಿಂದಾನೇ. ಹಳೇದನ್ನ ಇಳಿಸಿ, ಫಿಲ್ಟರ್ ಬದಲಾಯಿಸಿ, ಹೊಸ ಪೆಟ್ರೋಲ್ ಹಾಕಿದ್ಮೇಲೆ ಗಾಡಿ ಹಿಡೀತು. ಇಸಿಎಂ ಇದ್ದ ಜಾಗದಲ್ಲೇ ಇದೆ.

ಇಸಿಎಂ, ಇಂಜೆಕ್ಟರ್ ಕೆಡೋದೇ ಇಲ್ಲ ಅಂತಲ್ಲ. ತಿಂಗಳುಗಟ್ಟಲೆ ನಿಂತ್ರೆ ಪೆಟ್ರೋಲ್ ಅಂಟಾಗಿ ಇಂಜೆಕ್ಟರ್ ಕಚ್ಕೊಳ್ಳುತ್ತೆ, ಪಂಪೂ ಕಚ್ಕೊಳ್ಳುತ್ತೆ. ಇಲಿ ವೈರ್ ಕಡಿಯೋದಂತೂ ನಮ್ಮೂರಲ್ಲಿ ಹೇಳೋದೇ ಬೇಡ. ಆದ್ರೆ ಅದು ಅಳತೆಯಿಂದ ಗೊತ್ತಾಗಬೇಕು. ಗೇಜ್ ಹಾಕಿದ್ರೆ ಪೆಟ್ರೋಲ್ ಒತ್ತಡ ಎಷ್ಟಿದೆ ತಿಳಿಯುತ್ತೆ. ಸಾಮಾನ್ಯವಾಗಿ 2.5ರಿಂದ 3 ಬಾರ್ ಇರ್ಬೇಕು. (ಒತ್ತಡ ಇರೋ ಪೈಪನ್ನ ನೀವೇ ಬಿಚ್ಚೋಕೆ ಹೋಗ್ಬೇಡ್ರಪ್ಪ, ಬೆಂಕಿ ಜೊತೆ ಸರಸ ಬೇಡ.) ಆನ್‌ಲೈನ್‌ನಲ್ಲಿ ಸಿಗೋ ಬ್ಲೂಟೂತ್ ಸ್ಕ್ಯಾನರ್ ತರಿಸೋ ಮೊದಲೂ ಯೋಚ್ನೆ ಮಾಡಿ. ಅಷ್ಟು ಹಳೇ ಗಾಡಿಗಳಲ್ಲಿ ಹೆಚ್ಚಿನವು ಅದರ ಜೊತೆ ಮಾತೇ ಆಡಲ್ಲ.

ಈಗ ನನ್ನ ಜಗಳಕ್ಕೆ ಬರ್ತೀನಿ. ಅದು ಮೊದಲನೇ ಗ್ಯಾರೇಜ್ ಜೊತೆ ಅಲ್ಲ, ನಮ್ಮ ಜೊತೆ. ಎರಡನೇ ಮೆಕ್ಯಾನಿಕ್ ಅರ್ಧ ದಿನ ಹುಡುಕಿದ್ದಕ್ಕೆ 800 ರೂಪಾಯಿ ಕೇಳಿದ್ರೆ ಪಕ್ಕದ ಮನೆಯವರು "ಉಜ್ಜಿದ್ದಕ್ಕೆ ಇಷ್ಟಾ?" ಅಂದ್ರು. ಅದೇ 12,000ದ ಪಾರ್ಟ್ ಹಾಕಿದ್ದಿದ್ರೆ ಯಾರೂ ಬಾಯಿ ಬಿಡ್ತಿರ್ಲಿಲ್ಲ. ಡಬ್ಬದಲ್ಲಿ ಬಂದ ಸಾಮಾನಿಗೆ ಚೌಕಾಶಿ ಇಲ್ಲದೆ ಕೊಡ್ತೀವಿ, ತಲೆ ಓಡಿಸಿದ್ದಕ್ಕೆ ಕೂಲಿ ಲೆಕ್ಕ ಹಾಕ್ತೀವಿ. ಕಾಸ್ಟಿಂಗ್ ಕ್ಲಾಸಲ್ಲಿ ಲೇಬರ್, ಮೆಟೀರಿಯಲ್ ಎರಡೂ ಬರೀತೀವಲ್ಲ, ಗ್ಯಾರೇಜ್‌ಗೆ ಹೋದ ತಕ್ಷಣ ಲೇಬರ್ ಕಾಲಂ ಅಳಿಸಿಬಿಡ್ತೀವಿ. ಹುಡುಕೋದಕ್ಕೆ ದುಡ್ಡು ಸಿಗದಿದ್ರೆ ಯಾರು ಯಾಕೆ ಹುಡುಕ್ತಾರೆ? ಪಾರ್ಟ್ ಬದಲಾಯಿಸೋದೇ ಲಾಭ. ಎರಡು ಪಾರ್ಟ್ ಬದಲಾಯಿಸಿದ್ರೂ ಗಾಡಿ ಹೊರಡದಿದ್ರೆ ಒಳ್ಳೇ ಇಂಜಿನ್ ಇರೋ ಗಾಡಿ ಗುಜರಿಗೆ.

ಅದಕ್ಕೇ ಗ್ಯಾರೇಜ್‌ಗೆ ಹೋದಾಗ ಮೊದಲೇ ಹೇಳಿ: "ಅಣ್ಣ, ಹುಡುಕೋದಕ್ಕೆ ಬೇರೆ ಚಾರ್ಜ್ ಕೊಡ್ತೀನಿ, ಮೀಟರಲ್ಲಿ ಏನು ಬಂತು ತೋರಿಸಿ, ಆಮೇಲೆ ಪಾರ್ಟ್ ಮಾತಾಡೋಣ."

ಮುಂದಿನ ಮಳೆಗೆ ಗಾಡಿ ನಿಲ್ಲಿಸೋದೇ ಆದ್ರೆ ಟ್ಯಾಂಕ್ ತುಂಬಿಸಿಡಿ, ಒಳಗೆ ಗಾಳಿಗೆ ಜಾಗ ಕಮ್ಮಿ ಆಗುತ್ತೆ. ಬ್ಯಾಟರಿಯ ನೆಗೆಟಿವ್ ಬಿಚ್ಚಿಟ್ರೆ ಮತ್ತೆ ಹಾಕಿದಾಗ ಐಡ್ಲಿಂಗ್ ಸ್ವಲ್ಪ ಹೊತ್ತು ಏರಿಳಿಯಬಹುದು, ಹೆದರಬೇಡಿ. ಎಲ್ಲಕ್ಕಿಂತ ಒಳ್ಳೇದು, ಹೊಳವು ಕೊಟ್ಟ ದಿನ ಅಜ್ಜನ್ನ ಪಕ್ಕದಲ್ಲಿ ಕೂರಿಸ್ಕೊಂಡು ಭದ್ರಾವತಿಯಿಂದ ಶಿವಮೊಗ್ಗಕ್ಕೆ ಒಂದ್ಸಲ ಹೋಗಿ ಬನ್ನಿ.