ಕೊನೆಗೆ ತೆರೆದ ಬಾಗಿಲು

ಕಳೆದ ವಾರ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ದೂರವಾಣಿ ಮಾಡಿದ್ದ. ಅದೂ ಇದೂ ಮಾತನಾಡುತ್ತಾ, "ಸಾರ್, ಏನೇ ಹೇಳಿ, ಕೊರೊನಾ ಕಾಲದಲ್ಲಿ ಪಟ್ಟಣಗಳಿಗಿಂತ ನಮ್ಮ ಹಳ್ಳಿಗಳೇ ವಾಸಿ. ಎಷ್ಟು ಎಚ್ಚರಿಕೆಯಿಂದ ಮುಚ್ಚಿಕೊಂಡವು, ಎಷ್ಟು ಎಚ್ಚರಿಕೆಯಿಂದ ತೆರೆದುಕೊಂಡವು" ಎಂದ. ನಾನು ಹೌದೆಂದು ತಲೆಯಾಡಿಸಿದೆ (ದೂರವಾಣಿಯಲ್ಲಿ ತಲೆಯಾಡಿಸಿದರೆ ಯಾರಿಗೆ ಕಾಣುತ್ತದೆ ಎಂಬ ಪರಿವೆ ಈ ವಯಸ್ಸಿನಲ್ಲಿ ಇರುವುದಿಲ್ಲ). ರಾತ್ರಿ ಮಲಗಿದಾಗ ಆ ಮಾತು ಮತ್ತೆ ನೆನಪಾಯಿತು. ಮುಚ್ಚಿಕೊಂಡ ವಿಷಯದಲ್ಲಿ ಅವನು ಹೇಳಿದ್ದು ನಿಜ. ತೆರೆದುಕೊಂಡ ವಿಷಯದಲ್ಲಿ ನನ್ನ ಅಭಿಪ್ರಾಯ ಬೇರೆ. ಅದನ್ನು ಹೇಳಿಕೊಳ್ಳಲು ನನಗೆ ಸಂಕೋಚವಿದೆ, ಏಕೆಂದರೆ ಅದರಲ್ಲಿ ನನ್ನ ಪಾಲೂ ಇದೆ.

ನಿವೃತ್ತನಾದ ಮೇಲೆ ನಾನು ನೆಲೆಸಿರುವ ನಮ್ಮೂರು ತಿಪಟೂರು ಸೀಮೆಯದು. ಸುಮಾರು ನೂರಿಪ್ಪತ್ತು ಮನೆ, ಸುತ್ತಲೂ ತೆಂಗಿನ ತೋಟ, ಒಂದು ಆಂಜನೇಯನ ಗುಡಿ, ಐದನೆಯ ತರಗತಿಯವರೆಗಿನ ಒಂದು ಸರ್ಕಾರಿ ಶಾಲೆ. 2020ರ ಮಾರ್ಚ್ ಕೊನೆಯಲ್ಲಿ ದೇಶವೇ ಬಾಗಿಲು ಹಾಕಿಕೊಂಡಾಗ ನಮ್ಮ ಹುಡುಗರು ಊರ ಬಾಯಿಗೆ ಜಾಲಿಮುಳ್ಳು ಎಳೆದು ಅಡ್ಡ ಹಾಕಿದರು. ಬೆಂಗಳೂರಿನಿಂದ ಬಂದವರನ್ನು ಶಾಲೆಯ ಕೊಠಡಿಯಲ್ಲಿ ಹದಿನಾಲ್ಕು ದಿನ ಇರಿಸಿದರು. ಬಂದವರೆಲ್ಲ ನಮ್ಮವರೇ, ನಮ್ಮ ಮಕ್ಕಳೇ. ಆದರೂ ಊಟದ ತಟ್ಟೆಯನ್ನು ಕಿಟಕಿಯ ಹತ್ತಿರ ಇಟ್ಟು ದೂರ ಸರಿಯುತ್ತಿದ್ದೆವು. ನನಗಾಗ ಎಪ್ಪತ್ತೊಂದು ವರ್ಷ, ಜೊತೆಗೆ ಸಕ್ಕರೆ ಕಾಯಿಲೆ. ನಾನಂತೂ ಗೇಟು ದಾಟಲಿಲ್ಲ.

ಇನ್ನು ತೆರೆದ ಬಗೆ. ಮೇ 4ರಂದು ರಾಜ್ಯದಲ್ಲಿ ಮೊದಲು ತೆರೆದವುಗಳಲ್ಲಿ ಮದ್ಯದ ಅಂಗಡಿಗಳಿದ್ದವು. ಆ ಸಾಲುಗಳನ್ನು ನೀವೆಲ್ಲ ದೂರದರ್ಶನದಲ್ಲಿ ನೋಡಿದ್ದೀರಿ. ಅದನ್ನು ಸರ್ಕಾರದ ತಲೆಗೆ ಕಟ್ಟೋಣ. ಆದರೆ ಊರಿನೊಳಗಿನ ಬಾಗಿಲುಗಳನ್ನು ತೆರೆದವರು ನಾವೇ ಅಲ್ಲವೇ? ಕೊಬ್ಬರಿ ಹರಾಜು ಆರಂಭವಾದ ಕೂಡಲೇ ಜಾಲಿಮುಳ್ಳು ಮಾಯವಾಯಿತು. ಜೂನ್ 8ರಿಂದ ದೇವಸ್ಥಾನಗಳಿಗೆ ಅನುಮತಿ ದೊರೆಯಿತು. ತೀರ್ಥವಿಲ್ಲ, ಪ್ರಸಾದವಿಲ್ಲ, ಬರೀ ದರ್ಶನ ಎಂಬ ನಿಯಮ ನಮ್ಮ ಗುಡಿಯಲ್ಲಿ ಮೂರು ವಾರ ನಡೆಯಿತು. ಅರಳೀಕಟ್ಟೆಯ ಮೇಲೆ ಸುಣ್ಣದಲ್ಲಿ ಬರೆದ ವೃತ್ತಗಳು ಮೊದಲ ಮಳೆಗೆ ಅಳಿಸಿಹೋದವು. ಮತ್ತೆ ಯಾರೂ ಬರೆಯಲಿಲ್ಲ. ಮದುವೆಗಳು ನಡೆದವು. ಡಿಸೆಂಬರಿನಲ್ಲಿ 22 ಮತ್ತು 27ರಂದು, ಎರಡು ಹಂತಗಳಲ್ಲಿ, ರಾಜ್ಯದ ಗ್ರಾಮ ಪಂಚಾಯಿತಿ ಚುನಾವಣೆಗಳಾದವು. ನಮ್ಮೂರ ಮತಗಟ್ಟೆ ಎಲ್ಲಿತ್ತು? ಶಾಲೆಯಲ್ಲಿ! ಕ್ವಾರಂಟೈನಿಗೆ ತೆರೆದ ಕೊಠಡಿ ಮತದಾನಕ್ಕೂ ತೆರೆಯಿತು. ಕೆಮ್ಮುವ ಮುದುಕರನ್ನು ಕುರ್ಚಿಯಲ್ಲಿ ಹೊತ್ತು ತಂದು ಆ ಕೊಠಡಿಯೊಳಗೆ ಇಳಿಸಿದ್ದನ್ನು ನಾನು ಕಣ್ಣಾರೆ ಕಂಡೆ. ಆ ಕೊಠಡಿಯ ನಿಜವಾದ ಒಡೆಯರು, ಹದಿನೇಳು ಮಕ್ಕಳು, ಅದರೊಳಗೆ ಮತ್ತೆ ಕಾಲಿಟ್ಟದ್ದು 2021ರ ಅಕ್ಟೋಬರ್ 25ರಂದು. ಒಂದರಿಂದ ಐದನೆಯ ತರಗತಿಯವರಿಗೆ ಶಾಲೆ ತೆರೆದದ್ದು ಅಂದೇ. ಹತ್ತೊಂಬತ್ತು ತಿಂಗಳು.

ನನ್ನ ಅಜ್ಜಿ ಪ್ಲೇಗಿನ ಕತೆಗಳನ್ನು ಹೇಳುತ್ತಿದ್ದರು. 1898ರಲ್ಲಿ ಮೈಸೂರು ಸಂಸ್ಥಾನಕ್ಕೆ ಕಾಲಿಟ್ಟ ಆ ರೋಗ ದಶಕಗಳ ಕಾಲ ಬಿಟ್ಟುಬಿಟ್ಟು ಬರುತ್ತಲೇ ಇತ್ತು. ಇಲಿ ಬಿದ್ದ ಸುದ್ದಿ ಬಂದರೆ ಸಾಕು, ಊರಿಗೆ ಊರೇ ಹೊಲಕ್ಕೋ ತೋಟಕ್ಕೋ ಹೋಗಿ ಗುಡಿಸಲು ಹಾಕಿಕೊಳ್ಳುತ್ತಿತ್ತು. ಹಿಂದಿರುಗುವುದೂ ಒಂದೇ ದಿನದ ಕೆಲಸವಲ್ಲ. ಮೊದಲು ಇಬ್ಬರು ಮೂವರು ಗಂಡಸರು ಹೋಗಿ ಮನೆಗಳ ಹೆಂಚು ಸರಿಸಿ ಒಳಗೆ ಬಿಸಿಲು ಬೀಳುವಂತೆ ಮಾಡುವರು. ಆಮೇಲೆ ಸುಣ್ಣ ಬಳಿಯುವುದು, ಸಾರಿಸುವುದು. ಇಲಿ ಬೀಳದೆ ಕೆಲವು ವಾರ ಕಳೆದ ಮೇಲೆ ಒಂದೊಂದೇ ಸಂಸಾರ ಒಳಗೆ ಬರುವುದು. ಅಜ್ಜಿ ಇನ್ನೊಂದು ಮಾತನ್ನೂ ಹೇಳುತ್ತಿದ್ದರು: ಕೂಲಿಮಠದ ಅಯ್ಯನವರು ಗುಡಿಸಲುಗಳ ನಡುವೆ, ಹುಣಸೆಮರದ ಕೆಳಗೆ, ಮರಳು ಹರಡಿ ಹುಡುಗರಿಗೆ ಅಕ್ಷರ ತಿದ್ದಿಸುತ್ತಿದ್ದರಂತೆ. ಬಯಲು ಕ್ಷೇಮ, ಮನೆಯೊಳಗೆ ಅಪಾಯ ಎಂಬ ಒಂದು ಸಂಗತಿ ಅವರಿಗೆ ಗೊತ್ತಿತ್ತು. ಬಯಲಿನಲ್ಲಿ ಏನೇನು ನಡೆಸಬಹುದೋ ಅದನ್ನು ನಡೆಸಿದರು.

ನಮ್ಮ ಕಾಲದ ರೋಗದ ಕಾರಣ ಬೇರೆ. ಅದು ಇಲಿಯ ಚಿಗಟದಿಂದ ಬರುವುದಲ್ಲ, ಉಸಿರಿನಿಂದ ಹರಡುವುದು. ಆದರೆ ಅದು ಕೂಡ ಮುಚ್ಚಿದ ಕೋಣೆಯಲ್ಲಿ ಹೆಚ್ಚು, ಬಯಲಿನಲ್ಲಿ ಕಡಿಮೆ. 2020ರ ಆಗಸ್ಟಿನಲ್ಲಿ ಸರ್ಕಾರ 'ವಿದ್ಯಾಗಮ'ವನ್ನು ಆರಂಭಿಸಿತು. ಶಿಕ್ಷಕರು ಊರುಗಳಿಗೇ ಬಂದು, ಗುಡಿಯ ಜಗಲಿಯಲ್ಲೋ ಮರದ ನೆರಳಲ್ಲೋ ಸಣ್ಣ ಸಣ್ಣ ಗುಂಪುಗಳಿಗೆ ಪಾಠ ಹೇಳುವ ಏರ್ಪಾಡು. ನನ್ನ ಅಜ್ಜಿ ಕಂಡ ಹುಣಸೆಮರವೇ ಹಿಂದಿರುಗಿತೆಂದು ನನಗೆ ಸಂತೋಷವಾಯಿತು. ನಮ್ಮ ಶಾಲೆಯ ತರುಣ ಶಿಕ್ಷಕಿ ತಿಪಟೂರಿನಿಂದ ಬಂದು ಆಂಜನೇಯನ ಜಗಲಿಯಲ್ಲಿ ಕೂರುತ್ತಿದ್ದರು. ಗೇಟಿನ ಹತ್ತಿರ ನಿಂತರೆ ಮಗ್ಗಿಯ ದನಿ ಕೇಳಿಸುತ್ತಿತ್ತು. ಅಕ್ಟೋಬರಿನಲ್ಲಿ, ರಾಜ್ಯದ ಅಲ್ಲಲ್ಲಿ ಶಿಕ್ಷಕರಿಗೂ ಮಕ್ಕಳಿಗೂ ಸೋಂಕು ತಗುಲಿದ ವರದಿಗಳು ಬಂದು, ಅದು ನಿಂತಿತು.

ನಾನು ಹೇಳಬೇಕಾದದ್ದು ಆಮೇಲಿನದು. ನವೆಂಬರಿನ ಒಂದು ಬೆಳಿಗ್ಗೆ ಆ ಶಿಕ್ಷಕಿ ನಮ್ಮ ಗೇಟಿನ ಆಚೆ ನಿಂತು ಕೇಳಿದರು: "ಸಾರ್, ನಾನು ಕರೆಯುವ ಹಾಗಿಲ್ಲ. ನೀವು ನಿಮ್ಮ ತೋಟದಲ್ಲಿ ಎಂಟು ಹತ್ತು ಮಕ್ಕಳನ್ನು ದೂರ ದೂರ ಕೂರಿಸಿಕೊಂಡು ಬರೀ ಓದಿಸಿ, ಸಾಕು. ಓದು ಮರೆಯುತ್ತಿದ್ದಾರೆ." ನಾನು ನನ್ನ ವಯಸ್ಸು ಹೇಳಿದೆ, ಸಕ್ಕರೆ ಕಾಯಿಲೆ ಹೇಳಿದೆ. ಆ ಹೆಣ್ಣುಮಗಳು ನಮಸ್ಕರಿಸಿ ಹೊರಟುಹೋದರು. ಇಷ್ಟಕ್ಕೇ ನಿಂತಿದ್ದರೆ ನನ್ನ ಭಯವನ್ನು ನಾನು ಸಮರ್ಥಿಸಿಕೊಳ್ಳುತ್ತಿದ್ದೆ. ಅದೇ ತಿಂಗಳ ಕೊನೆಯಲ್ಲಿ, ಬಿಡಲಾಗದ ಬಳಗ ಎಂದು, ತಿಪಟೂರಿನ ಕಲ್ಯಾಣಮಂಟಪವೊಂದರಲ್ಲಿ ನಡೆದ ಮದುವೆಗೆ ನಾನು ಹೋಗಿಬಂದೆ. ಕಿಟಕಿ ಮುಚ್ಚಿದ ಊಟದ ಮನೆಯಲ್ಲಿ ಎರಡನೆಯ ಪಂಕ್ತಿಗೆ ಕುಳಿತು ಹೋಳಿಗೆ ತಿಂದೆ. ಮಾಸ್ಕನ್ನು ಮಡಚಿ ಜೇಬಿನಲ್ಲಿಟ್ಟುಕೊಂಡಿದ್ದೆ.

ನಮ್ಮ ಎದುರು ಸಾಲಿನ ಮನೆಯ ಒಂದು ಹುಡುಗಿ ಆಗ ನಾಲ್ಕನೆಯ ತರಗತಿ. ಕೈಗೆ ಸಿಕ್ಕ ಕಾಗದವನ್ನೆಲ್ಲ, ದಿನಸಿ ಕಟ್ಟಿದ ಪೊಟ್ಟಣವನ್ನೂ, ಗಟ್ಟಿಯಾಗಿ ಓದುವ ಮಗು. ಗೇಟಿಗೆ ಬಂದು "ತಾತ, ಕತೆ ಪುಸ್ತಕ ಕೊಡಿ" ಎನ್ನುವಳು. ಒಂದೆರಡು ಕೊಟ್ಟೆ, ಅವಳು ಹಿಂದಕ್ಕೆ ತಂದದ್ದನ್ನು ಮೂರು ದಿನ ಬಿಸಿಲಲ್ಲಿಟ್ಟು ಒಳಗೆ ತೆಗೆದುಕೊಂಡೆ. ಮತ್ತೆ ಬಂದಾಗ "ಆಮೇಲೆ ಬಾ" ಎಂದೆ. ಅವಳು ಬರುವುದನ್ನು ಬಿಟ್ಟಳು. ಮಕ್ಕಳಿಗೆ ಎರಡು ಸಲ ಹೇಳಬೇಕಾಗಿಲ್ಲ.

ಎಚ್ಚರಿಕೆಯೇ ಬೇಡವಾಗಿತ್ತು ಎಂದು ನಾನು ವಾದಿಸುತ್ತಿಲ್ಲ. 2021ರ ಏಪ್ರಿಲ್ 27ರಿಂದ ಮತ್ತೆ ಎಲ್ಲವೂ ಮುಚ್ಚಿದಾಗ ಮುಚ್ಚಿದ್ದೇ ಸರಿ. ಆ ಮೇ ತಿಂಗಳಲ್ಲಿ ನನ್ನ ಜೊತೆ ಒಂದೇ ಶಾಲೆಯಲ್ಲಿ ಹನ್ನೊಂದು ವರ್ಷ ಕೆಲಸ ಮಾಡಿದ, ನನಗಿಂತ ಚಿಕ್ಕವರಾದ ಸಹೋದ್ಯೋಗಿಯೊಬ್ಬರು ತೀರಿಕೊಂಡರು. ಅವರ ಮುಖ ನೋಡಲೂ ಹೋಗಲಾಗಲಿಲ್ಲ. ಶಿಕ್ಷಕರ ಜೀವಕ್ಕೂ ಬೆಲೆಯಿದೆ. ನನ್ನ ತಕರಾರು ಇಷ್ಟೇ: ಅಪಾಯವನ್ನು ಸ್ವಲ್ಪ ಸ್ವಲ್ಪವಾಗಿ ಹೊರಲು ನಾವು ಸಿದ್ಧರಾದ ತಿಂಗಳುಗಳಲ್ಲಿ, ಹೊರಬಲ್ಲಷ್ಟನ್ನೂ ನಮ್ಮ ಹರಾಜಿಗೆ, ನಮ್ಮ ಪಂಕ್ತಿಗೆ, ನಮ್ಮ ಮತಪೆಟ್ಟಿಗೆಗೆ ಖರ್ಚು ಮಾಡಿದೆವು. ಮಕ್ಕಳ ಪಾಲಿಗೆ ಎಚ್ಚರಿಕೆಯನ್ನು ಮಾತ್ರ ಉಳಿಸಿದೆವು. ಮನಸ್ಸು ಮಾಡಿದರೆ ಆಗದ ಕೆಲಸವೇನೂ ಅಲ್ಲ. 2020ರ ಜೂನ್ 25ರಿಂದ ಇದೇ ರಾಜ್ಯ ಎಂಟು ಲಕ್ಷಕ್ಕೂ ಹೆಚ್ಚು ಮಕ್ಕಳನ್ನು ದೂರ ದೂರ ಕೂರಿಸಿ ಎಸ್.ಎಸ್.ಎಲ್.ಸಿ. ಪರೀಕ್ಷೆ ಬರೆಸಿತು. ಪರೀಕ್ಷೆಗೆ ಸಾಧ್ಯವಾದದ್ದು ಹದಿನೇಳು ಮಕ್ಕಳ ಪಾಠಕ್ಕೆ ಹೇಗೆ ಅಸಾಧ್ಯವಾಯಿತು?

ಅಜೀಂ ಪ್ರೇಮ್‌ಜಿ ವಿಶ್ವವಿದ್ಯಾಲಯದವರು 2021ರ ಜನವರಿಯಲ್ಲಿ ಕರ್ನಾಟಕವೂ ಸೇರಿದಂತೆ ಐದು ರಾಜ್ಯಗಳ 16,067 ಪ್ರಾಥಮಿಕ ಶಾಲಾ ಮಕ್ಕಳನ್ನು ಪರೀಕ್ಷಿಸಿದಾಗ, ಹಿಂದಿನ ವರ್ಷ ಇದ್ದ ಒಂದಾದರೂ ಭಾಷಾ ಸಾಮರ್ಥ್ಯವನ್ನು ಸರಾಸರಿ ನೂರಕ್ಕೆ 92 ಮಕ್ಕಳು ಕಳೆದುಕೊಂಡಿದ್ದರು. ಗಣಿತದಲ್ಲಿ ನೂರಕ್ಕೆ 82. ಕಲಿಯದೆ ಇರುವುದು ಬೇರೆ, ಕಲಿತದ್ದು ಕೈಬಿಟ್ಟು ಹೋಗುವುದು ಬೇರೆ. ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಕನ್ನಡ ಪಾಠ ಹೇಳಿದ ನನಗೆ ಎರಡನೆಯದು ಈ ಪ್ರಮಾಣದಲ್ಲಿ ಆಗಬಹುದೆಂದು ತಿಳಿದಿರಲಿಲ್ಲ.

ಶಾಲೆ ತೆರೆದ ಮರುವಾರ ಆ ಶಿಕ್ಷಕಿ ಕರೆದರೆಂದು ಹೋದೆ. ಎದುರು ಸಾಲಿನ ಹುಡುಗಿ ಆಗ ಐದನೆಯ ತರಗತಿ. ಓದು ಎಂದೆ. ಸಾಲಿನ ಕೆಳಗೆ ಬೆರಳಿಟ್ಟುಕೊಂಡು ಹೊರಟಳು. ಒತ್ತಕ್ಷರ ಬಂದಲ್ಲಿ ನಿಂತಳು. ಹಿಂದಕ್ಕೆ ಹೋಗಿ ಮತ್ತೆ ಹೊರಟು ಅಲ್ಲೇ ನಿಂತಳು. ಬಳಿಕ ಪುಸ್ತಕ ಮುಚ್ಚಿ ಕಿಟಕಿಯ ಕಡೆ ನೋಡಿದಳು. ಶಿಕ್ಷಕಿ ನನ್ನನ್ನು ಒಂದು ಮಾತೂ ಆಡಲಿಲ್ಲ. ಅಂದಿನಿಂದ ಎರಡು ವರ್ಷ ಭಾನುವಾರಗಳಂದು ತೋಟದಲ್ಲಿ ಮಕ್ಕಳನ್ನು ಕೂರಿಸಿ ಓದಿಸಿದೆ. ಹಲವರು ಚೇತರಿಸಿಕೊಂಡರು. ಅವಳೂ ಬರುತ್ತಿದ್ದಳು, ಹಿಂದಿನ ಸಾಲಿನಲ್ಲಿ ಕೂರುತ್ತಿದ್ದಳು.

ಈಗ ಪ್ರೌಢಶಾಲೆಯಲ್ಲಿದ್ದಾಳೆ. ಲೆಕ್ಕದಲ್ಲಿ ಪರವಾಗಿಲ್ಲ, ಗಟ್ಟಿಯಾಗಿ ಓದು ಎಂದರೆ ಗಂಟಲು ನೋವು ಎನ್ನುತ್ತಾಳಂತೆ. ಮೊನ್ನೆ ಅವರಪ್ಪನಿಗೆಂದು ಏಣಿ ಕೇಳಲು ಬಂದಿದ್ದಳು. ಏಣಿ ಕೊಟ್ಟು, ಕಪಾಟು ತೋರಿಸಿ, "ಯಾವುದಾದರೂ ಪುಸ್ತಕ ತೊಗೊಂಡು ಹೋಗಮ್ಮ" ಎಂದೆ. ಅವಳು ಒಂದು ಕ್ಷಣ ಕಪಾಟಿನ ಕಡೆ ನೋಡಿ, "ಏಣಿ ಭಾರ ಇದೆ ತಾತ" ಎಂದು ಹೊತ್ತುಕೊಂಡು ಹೊರಟಳು.