ಸೊಸೆಯ ವೀಸಾ ಮುಂದುವರಿಯಬೇಕೇ? ಮೊದಲು ಅವಳ ಹೆಸರಿಗೆ ಕಾಗದ ಇರಲಿ

ಜತ್ತ ತಾಲೂಕಿನ ಪೂರ್ವ ಭಾಗದಲ್ಲಿ ಬೀಗತನಕ್ಕೆ ಗಡಿ ಎಂದೂ ಅಡ್ಡ ಬಂದಿಲ್ಲ. ಉಮದಿ, ಸಂಖ, ಮಾಡಗ್ಯಾಳ ಕಡೆಯ ಮನೆಗಳಿಗೆ ಚಡಚಣ, ಇಂಡಿ, ವಿಜಯಪುರ, ಅಥಣಿಯಿಂದ ಸೊಸೆಯಂದಿರು ಬರುತ್ತಾರೆ, ಇಲ್ಲಿಯ ಹೆಣ್ಣುಮಕ್ಕಳು ಅಲ್ಲಿಗೆ ಹೋಗುತ್ತಾರೆ. 1948ರಲ್ಲಿ ಜತ್ತ ಸಂಸ್ಥಾನ ವಿಲೀನವಾಯಿತು, 1956ರಲ್ಲಿ ರಾಜ್ಯಗಳ ಗೆರೆ ಬಿತ್ತು, 1960ರಲ್ಲಿ ಮಹಾರಾಷ್ಟ್ರ ರಾಜ್ಯವಾಯಿತು. ಲಗ್ನಗಳು ಮಾತ್ರ ಹಾಗೆಯೇ ನಡೆದುಕೊಂಡು ಬಂದವು. ಗೆರೆ ದಾಟಿ ಬಂದ ಸೊಸೆಗೆ ಇಲ್ಲಿ ಯಾರೂ ವೀಸಾ ಕೇಳುವುದಿಲ್ಲ. ಕಾಗದ ಇಲ್ಲದಿದ್ದರೂ ಸಂಸಾರ ಸಾಗುತ್ತದೆ ಎಂಬ ಧೈರ್ಯ ಬಂದಿರುವುದು ಇದರಿಂದಲೇ.

ಈ ಧೈರ್ಯ ಕೈಕೊಡುವುದು ಅದೇ ಜೋಡಿ ಪುಣೆ, ಬೆಂಗಳೂರಿನ ನೌಕರಿ ಹಿಡಿದು ಅಲ್ಲಿಂದ ಮುಂದೆ ಬ್ರಿಟನ್ನಿಗೋ ಅಮೆರಿಕಕ್ಕೋ ಹೋದಾಗ. ಮೊದಲ ವೀಸಾ ಹೇಗೋ ಆಗುತ್ತದೆ. ಅದರ ಅವಧಿ ಮುಗಿಯುವ ಹೊತ್ತಿಗೆ ಊರಿಗೆ ಫೋನ್ ಬರುತ್ತದೆ: ‘ಅಪ್ಪಾ, ಲಗ್ನದ ಸರ್ಟಿಫಿಕೇಟ್ ಇನ್ನೊಂದು ಪ್ರತಿ ಬೇಕು. ಹೆಸರು ಪಾಸ್‌ಪೋರ್ಟಿನಲ್ಲಿ ಇದ್ದಂತೆ ಇರಬೇಕು.’ ಆಗ ಶುರುವಾಗುತ್ತದೆ ಪಂಚಾಯಿತಿ, ಶಾಲೆ, ತಹಸೀಲ್ ಕಚೇರಿಗಳ ಓಡಾಟ.

ಈ ಓಡಾಟವನ್ನು ಏಜೆಂಟರ ಕೆಲಸ ಎಂದುಕೊಂಡರೆ ತಪ್ಪಾದೀತು. ವೀಸಾ ವಿಸ್ತರಣೆಯ ಕಡತ ಎರಡು ಸಂಗತಿಗಳನ್ನು ತೋರಿಸಬೇಕು. ಒಂದು, ಈ ಇಬ್ಬರಿಗೆ ಕಾನೂನುಬದ್ಧವಾಗಿ ಮದುವೆಯಾಗಿದೆ. ಎರಡು, ಅವರು ಇಂದಿಗೂ ಒಟ್ಟಿಗೆ ಬಾಳುತ್ತಿದ್ದಾರೆ. ಎರಡಕ್ಕೂ ಹೆಂಡತಿಯ ಹೆಸರಿರುವ ಕಾಗದ ಬೇಕು. ನಮ್ಮ ಮನೆಗಳಲ್ಲಿ ನೋಡಿ: ಸಾತ್‌ಬಾರಾ ಉತಾರೆ ಮಾವನ ಹೆಸರಿಗೆ, ಲೈಟ್ ಬಿಲ್ಲು ಮಾವನದು, ಬ್ಯಾಂಕ್ ಖಾತೆ ಗಂಡನದು. ಸೊಸೆಯ ಹೆಸರು ಇರುವುದು ರೇಶನ್ ಕಾರ್ಡಿನಲ್ಲಿ, ಅದೂ ಕೆಲವೊಮ್ಮೆ ಇನ್ನೂ ತವರಿನದರಲ್ಲೇ! ಪರದೇಶಕ್ಕೆ ಹೋದರೂ ಇದೇ ರೂಢಿ ಹಿಂದೆಯೇ ಹೋಗುತ್ತದೆ.

ಎರಡು ವೀಸಾ, ಎರಡು ದಾರಿ

ಬ್ರಿಟನ್ನಿನ ಉದಾಹರಣೆಯನ್ನೇ ತೆಗೆದುಕೊಳ್ಳೋಣ. ಅಲ್ಲಿ ‘ಹೆಂಡತಿಯ ವೀಸಾ’ ಎಂದು ನಾವು ಕರೆಯುವುದು ವಾಸ್ತವವಾಗಿ ಎರಡು ಬಗೆಯದು. ಗಂಡ ಕೆಲಸದ ವೀಸಾದಲ್ಲಿದ್ದರೆ ಹೆಂಡತಿ ಅವನ ಅವಲಂಬಿತೆ. ಗಂಡ ಬ್ರಿಟಿಷ್ ಪ್ರಜೆಯಾಗಿದ್ದರೆ ಅಥವಾ ಅಲ್ಲಿ ಕಾಯಂ ನೆಲೆಸುವ ಹಕ್ಕು ಪಡೆದಿದ್ದರೆ, ಅವಳದು ನಿಜವಾದ ಅರ್ಥದ ಸಂಗಾತಿ ವೀಸಾ.

ಅವಲಂಬಿತರ ಬಾಗಿಲು ಈಚೆಗೆ ಕಿರಿದಾಗಿದೆ. 2024ರ ಮಾರ್ಚ್ 11ರಿಂದ ವೃದ್ಧರ, ರೋಗಿಗಳ ಆರೈಕೆ ಕೆಲಸಕ್ಕೆ ಹೊಸದಾಗಿ ಹೋಗುವವರು ಕುಟುಂಬವನ್ನು ಕರೆದೊಯ್ಯುವಂತಿಲ್ಲ. 2025ರ ಜುಲೈ 22ರಿಂದ ಪದವಿ ಮಟ್ಟಕ್ಕಿಂತ ಕೆಳಗಿನ ಬಹುತೇಕ ಹೊಸ ಕೆಲಸದವರಿಗೂ ಇದೇ ನಿಯಮ. ಮೊದಲೇ ಹೋದವರ ಮಾತು ಬೇರೆ. ಆದರೆ ಒಂದು ಅಂಶ ಎಲ್ಲರಿಗೂ ಅನ್ವಯ: ಗಂಡನ ವೀಸಾ ಮುಂದುವರಿದ ಮಾತ್ರಕ್ಕೆ ಹೆಂಡತಿಯದು ತಾನಾಗಿಯೇ ಮುಂದುವರಿಯುವುದಿಲ್ಲ. ಅವಳ ಅರ್ಜಿ ಬೇರೆ, ಶುಲ್ಕ ಬೇರೆ.

ಸಂಗಾತಿ ವೀಸಾದ ಲೆಕ್ಕ ಹೀಗಿದೆ. ಇಲ್ಲಿಂದ ಹೋಗುವಾಗ 2 ವರ್ಷ 9 ತಿಂಗಳು ಸಿಗುತ್ತದೆ. ಅದು ಮುಗಿಯುವ ಮೊದಲು ಅಲ್ಲಿಯೇ ಅರ್ಜಿ ಹಾಕಿ 2 ವರ್ಷ 6 ತಿಂಗಳ ವಿಸ್ತರಣೆ ಪಡೆಯಬೇಕು. 5 ವರ್ಷ ತುಂಬಿದ ಮೇಲೆ ಕಾಯಂ ನೆಲೆಗೆ ಅರ್ಜಿ. ಉಳಿದ ಅನೇಕರಿಗೆ ಈ ಅವಧಿಯನ್ನು 10 ವರ್ಷಕ್ಕೆ ಏರಿಸುವ ಪ್ರಸ್ತಾಪ 2025ರ ಮೇ ತಿಂಗಳ ಬ್ರಿಟಿಷ್ ಸರ್ಕಾರದ ಶ್ವೇತಪತ್ರದಲ್ಲಿ ಬಂತು. ಬ್ರಿಟಿಷ್ ಪ್ರಜೆಯ ಸಂಗಾತಿಗೆ ಮಾತ್ರ 5 ವರ್ಷವೇ ಇರಲಿದೆ ಎಂದು ಅದೇ ಪತ್ರ ಹೇಳಿದೆ. ಅಂದರೆ ನಡುವಿನ ಈ ವಿಸ್ತರಣೆ ತಪ್ಪಿದರೆ ನಷ್ಟ ದೊಡ್ಡದು.

ಖರ್ಚೂ ಕಡಿಮೆಯಲ್ಲ. ಅಲ್ಲಿಯ ಸರ್ಕಾರಿ ಆಸ್ಪತ್ರೆ ವ್ಯವಸ್ಥೆಗೆ ಕಟ್ಟುವ ಆರೋಗ್ಯ ಶುಲ್ಕ 2024ರ ಫೆಬ್ರುವರಿ 6ರಿಂದ ವರ್ಷಕ್ಕೆ 1,035 ಪೌಂಡ್ ಆಗಿದೆ. ಎರಡೂವರೆ ವರ್ಷಕ್ಕೆ 2,587 ಪೌಂಡ್ 50 ಪೆನ್ಸ್. ಅರ್ಜಿಯ ಶುಲ್ಕ ಇದರ ಮೇಲೆ. ಅರ್ಜಿ ತಿರಸ್ಕಾರವಾದರೆ ಆರೋಗ್ಯ ಶುಲ್ಕ ವಾಪಸು ಬರುತ್ತದೆ, ಅರ್ಜಿ ಶುಲ್ಕ ಬರುವುದಿಲ್ಲ.

ಊರಿನಲ್ಲಿ ಆಗಬೇಕಾದ ಕೆಲಸ

ಮೊದಲನೆಯದು ಮದುವೆ ನೋಂದಣಿ. ಎಲ್ಲ ಧರ್ಮದವರ ಮದುವೆಗಳೂ ನೋಂದಣಿ ಆಗಬೇಕು ಎಂದು ಸುಪ್ರೀಂ ಕೋರ್ಟ್ 2006ರ ಫೆಬ್ರುವರಿ 14ರಂದು ಸೀಮಾ ವಿರುದ್ಧ ಅಶ್ವನಿಕುಮಾರ್ ಪ್ರಕರಣದಲ್ಲಿ ಹೇಳಿತು. ಮಹಾರಾಷ್ಟ್ರದಲ್ಲಿ ಇದಕ್ಕಾಗಿ 1998ರ ಕಾಯ್ದೆಯೇ ಇದೆ. ಹಳ್ಳಿಯಲ್ಲಿ ನಾವು ಇಂದಿಗೂ ಗ್ರಾಮಸೇವಕ ಎಂದೇ ಕರೆಯುವ ಪಂಚಾಯಿತಿ ಅಧಿಕಾರಿಯೇ ನೋಂದಣಾಧಿಕಾರಿ. ಮದುವೆಯಾದ 90 ದಿನದೊಳಗೆ ಗಂಡ, ಹೆಂಡತಿ ಮತ್ತು 3 ಸಾಕ್ಷಿಗಳು ಹೋಗಿ ಸಹಿ ಮಾಡಿದರೆ ಕೆಲಸ ಸಲೀಸು. ತಡವಾದರೆ ಹೆಚ್ಚಿನ ಶುಲ್ಕ ಕೊಟ್ಟು ಮಾಡಿಸಬಹುದು. ನೋಂದಣಿ ಇಲ್ಲದಿದ್ದರೆ ಮದುವೆಯೇ ಸುಳ್ಳಾಗುವುದಿಲ್ಲ, ನಿಜ. ಆದರೆ ಎಲ್ಲೋ ಕುಳಿತ ವೀಸಾ ಅಧಿಕಾರಿಗೆ ನಮ್ಮ ಲಗ್ನಪತ್ರಿಕೆ, ಅಕ್ಷತೆಯ ಫೋಟೊ ಪ್ರಮಾಣಪತ್ರಕ್ಕೆ ಬದಲಿ ಆಗಲಾರವು.

ಗಡಿಯ ಮದುವೆಗೆ ಇಲ್ಲಿ ಒಂದು ಎಚ್ಚರ ಬೇಕು. ಲಗ್ನ ಚಡಚಣದ ಕಲ್ಯಾಣ ಮಂಟಪದಲ್ಲಿ, ಆರತಕ್ಷತೆ ಉಮದಿಯಲ್ಲಿ ಆಯಿತು ಎಂದುಕೊಳ್ಳಿ. ಎರಡೂ ಕಡೆ ನೋಂದಣಿ ಮಾಡಿಸಿ, ಎರಡು ತಾರೀಖಿನ ಎರಡು ಪ್ರಮಾಣಪತ್ರ ಇಟ್ಟುಕೊಂಡರೆ ಲಾಭವಿಲ್ಲ, ಸಂಶಯ ಮಾತ್ರ ಹುಟ್ಟುತ್ತದೆ. ಒಂದೇ ಕಡೆ, ಲಗ್ನದ ನಿಜವಾದ ತಾರೀಖು ಹಾಕಿ ಮಾಡಿಸಿರಿ.

ವಯಸ್ಸಿನ ಮಾತನ್ನೂ ಮರೆಯುವಂತಿಲ್ಲ. ಹುಡುಗಿಗೆ 18, ಹುಡುಗನಿಗೆ 21 ತುಂಬದೆ ಮಾಡಿದ ಮದುವೆ ನಮ್ಮ ಕಾನೂನಿಗೂ ವಿರುದ್ಧ. ಅವಸರದ ಲಗ್ನ ಮುಂದೆ ಕಾಗದ ಕೇಳಿದಾಗ ಹೊರಬರುತ್ತದೆ. ಶಾಲೆಯಲ್ಲಿ ಗುರುಗಳು ಅಂದಾಜಿನಲ್ಲಿ ಬರೆದುಕೊಂಡ ಜೂನ್ 1ರ ಜನ್ಮದಿನ ಒಂದು, ಜನನ ಪ್ರಮಾಣಪತ್ರದ್ದು ಇನ್ನೊಂದು ಆಗಿದ್ದರೆ, ಅದನ್ನು ಪಾಸ್‌ಪೋರ್ಟ್ ಮಾಡಿಸುವ ಮೊದಲೇ ಸರಿಪಡಿಸಬೇಕು.

ಹೆಸರಿನ ಗೊಂದಲ

ನಮ್ಮ ಭಾಗದ ದೊಡ್ಡ ತೊಂದರೆ ಇದೇ. ಚಡಚಣದ ಕನ್ನಡ ಶಾಲೆಯ ದಾಖಲೆಯಲ್ಲಿ ಹುಡುಗಿಯ ಹೆಸರಿನ ಜೊತೆ ತಂದೆಯ ಹೆಸರು, ತವರಿನ ಅಡ್ಡಹೆಸರು. ಜತ್ತಕ್ಕೆ ಬಂದ ಮೇಲೆ ಇಲ್ಲಿಯ ರೂಢಿಯಂತೆ ನಡುವೆ ಗಂಡನ ಹೆಸರು, ಕೊನೆಗೆ ಗಂಡನ ಮನೆತನದ ಹೆಸರು. ಕೆಲವು ಮನೆಗಳಲ್ಲಿ ಅವಳ ಸ್ವಂತ ಹೆಸರನ್ನೇ ಬದಲಿಸುತ್ತಾರೆ. ಹೀಗೆ ಒಬ್ಬ ಹುಡುಗಿ ಕಾಗದದಲ್ಲಿ ಇಬ್ಬರಾಗುತ್ತಾಳೆ!

ಇನ್ನು ಇಂಗ್ಲಿಷಿಗೆ ಬಂದರೆ ಮತ್ತೊಂದು ಆಟ. ‘ತ’ ಅಕ್ಷರಕ್ಕೆ ಕರ್ನಾಟಕದ ಕಡೆ ಎಚ್ ಸೇರಿಸುವವರು ಹೆಚ್ಚು, ಮಹಾರಾಷ್ಟ್ರದಲ್ಲಿ ಸೇರಿಸುವುದಿಲ್ಲ. ಅಲ್ಲಿಯ ಗೀತಾಳ ಸ್ಪೆಲಿಂಗ್ ಇಲ್ಲಿಯ ಗೀತಾಳದಲ್ಲ. ನಮ್ಮ ಜತ್ತದ ಹೆಸರೇ ಇಂಗ್ಲಿಷಿನಲ್ಲಿ ಎಚ್ ಇದ್ದೂ ಕಾಣುತ್ತದೆ, ಇಲ್ಲದೆಯೂ ಕಾಣುತ್ತದೆ. ಜನ್ಮಸ್ಥಳದ ಕಥೆಯೂ ಅಷ್ಟೇ. 2014ರ ನವೆಂಬರ್ 1ರಂದು ಬಿಜಾಪುರ ವಿಜಯಪುರವಾಯಿತು, ಬೆಳಗಾಂ ಬೆಳಗಾವಿಯಾಯಿತು. ಹಳೆಯ ಪಾಸ್‌ಪೋರ್ಟಿನಲ್ಲಿ ಒಂದು, ಹೊಸ ದಾಖಲೆಯಲ್ಲಿ ಇನ್ನೊಂದು.

ಪರಿಹಾರ ಸರಳ. ಪಾಸ್‌ಪೋರ್ಟಿನ ಹೆಸರನ್ನು ಮೂಲ ಎಂದಿಟ್ಟುಕೊಂಡು, ಮದುವೆ ಪ್ರಮಾಣಪತ್ರದಲ್ಲಿ ಅದೇ ಸ್ಪೆಲಿಂಗ್ ಬರೆಸಿರಿ. ಮದುವೆಯಾದ ಮೇಲೆ ಹೆಸರು ಬದಲಿಸಲೇಬೇಕು ಎಂಬ ಕಾನೂನು ಭಾರತದಲ್ಲಿ ಇಲ್ಲ. ತವರಿನ ಹೆಸರಿನಲ್ಲೇ ಪಾಸ್‌ಪೋರ್ಟ್ ಇಟ್ಟುಕೊಂಡು, ಗಂಡನ ಹೆಸರನ್ನು ಸಂಗಾತಿಯ ಜಾಗದಲ್ಲಿ ಸೇರಿಸಬಹುದು. ಸ್ವಂತ ಹೆಸರನ್ನೇ ಬದಲಿಸಿದ್ದರೆ ರಾಜ್ಯಪತ್ರದಲ್ಲಿ ಪ್ರಕಟಿಸಿದ ಪ್ರತಿ ಜೊತೆಗಿರಲಿ.

ಅನುವಾದದ ವಿಷಯ ಇನ್ನೊಂದಿದೆ. ಮರಾಠಿ ಅಥವಾ ಕನ್ನಡದ ಕಾಗದವನ್ನು ಬ್ರಿಟನ್ನಿಗೆ ಕೊಡುವಾಗ ಪೂರ್ಣ ಇಂಗ್ಲಿಷ್ ಅನುವಾದ ಬೇಕು. ಅದರ ಮೇಲೆ ಇದು ಸರಿಯಾದ ಅನುವಾದ ಎಂಬ ಮಾತು, ತಾರೀಖು, ಅನುವಾದಕರ ಪೂರ್ಣ ಹೆಸರು, ಸಹಿ, ಸಂಪರ್ಕ ವಿವರ ಇರಬೇಕು. ಎರಡೂ ಭಾಷೆ ಬಲ್ಲ ನಾವು ಅನುವಾದವನ್ನು ಒಮ್ಮೆ ಓದಿ, ಹೆಸರು ತಾರೀಖು ತಾಳೆ ನೋಡಿ ಕಳಿಸಿದರೆ ಅರ್ಧ ಕೆಲಸ ಮುಗಿದಂತೆ.

ಅಲ್ಲಿ ಕೂಡಿಸಬೇಕಾದ ಕಾಗದ

ಒಟ್ಟಿಗೆ ಬಾಳುತ್ತಿರುವ ಪುರಾವೆಯನ್ನು ಕೊನೆಯ ತಿಂಗಳಲ್ಲಿ ಕೂಡಿಸಲು ಆಗುವುದಿಲ್ಲ. ಬಾಡಿಗೆ ಕರಾರು, ಕೌನ್ಸಿಲ್ ತೆರಿಗೆಯ ಬಿಲ್ಲು, ವಿದ್ಯುತ್, ನೀರಿನ ಬಿಲ್ಲು, ಬ್ಯಾಂಕಿನ ಪತ್ರ, ವೈದ್ಯರ ಕಚೇರಿಯ ಪತ್ರ, ಇವು ಇಬ್ಬರ ಹೆಸರಿಗೆ ಅಥವಾ ಒಂದೇ ವಿಳಾಸಕ್ಕೆ ಇಬ್ಬರಿಗೂ ಬೇರೆ ಬೇರೆಯಾಗಿ ಬಂದಿರಬೇಕು. ಅದೂ ಇಡೀ ಅವಧಿಗೆ ಹರಡಿಕೊಂಡು. ಎಲ್ಲ ಬಿಲ್ಲೂ ಗಂಡನ ಹೆಸರಿಗೇ ಇದ್ದರೆ ಹೆಂಡತಿ ಆ ಮನೆಯಲ್ಲಿ ಇದ್ದಳು ಎನ್ನಲು ಆಧಾರವೇನು? ಹೋದ ಮೊದಲ ತಿಂಗಳಲ್ಲೇ ಬ್ಯಾಂಕ್ ಖಾತೆ, ವೈದ್ಯರಲ್ಲಿ ನೋಂದಣಿ, ಬಾಡಿಗೆ ಕರಾರಿನಲ್ಲಿ ಹೆಸರು, ಈ ಮೂರು ಅವಳಿಗೆ ಆಗಬೇಕು.

ಆದಾಯದ ಶರತ್ತು 2024ರ ಏಪ್ರಿಲ್ 11ರಿಂದ ವರ್ಷಕ್ಕೆ 29,000 ಪೌಂಡಿಗೆ ಏರಿತು. ಅದಕ್ಕೂ ಮೊದಲೇ ಅದೇ ಸಂಗಾತಿಯ ಜೊತೆ ಈ ದಾರಿ ಹಿಡಿದವರಿಗೆ ಹಳೆಯ 18,600 ಪೌಂಡ್ ಲೆಕ್ಕವೇ. ಇಲ್ಲಿ ಬಹಳ ಜನ ಗಮನಿಸದ ಸಂಗತಿ ಒಂದಿದೆ. ಮೊದಲ ವೀಸಾಕ್ಕೆ ಹೆಂಡತಿಯ ಭಾರತದ ಸಂಬಳ ಲೆಕ್ಕಕ್ಕಿಲ್ಲ. ವಿಸ್ತರಣೆಯಲ್ಲಿ, ಅವಳು ಅಲ್ಲಿ ಕಾನೂನುಬದ್ಧವಾಗಿ ದುಡಿದ ಸಂಬಳವೂ ಗಂಡನದರ ಜೊತೆ ಸೇರುತ್ತದೆ. ಅವಳ ಹೆಸರಿನ 6 ತಿಂಗಳ ಸಂಬಳ ಚೀಟಿ, ಅದಕ್ಕೆ ತಾಳೆಯಾಗುವ ಬ್ಯಾಂಕ್ ಪಟ್ಟಿ, ಕಂಪನಿಯ ಪತ್ರ ಇದ್ದರೆ ಇಡೀ ಅರ್ಜಿ ಗಟ್ಟಿಯಾಗುತ್ತದೆ. ಇಂಗ್ಲಿಷ್ ಪರೀಕ್ಷೆಯೂ ಒಂದು ಮೆಟ್ಟಿಲು ಮೇಲೇರುತ್ತದೆ: ಮೊದಲು ಎ1 ಮಟ್ಟ, ವಿಸ್ತರಣೆಗೆ ಎ2. ಕನ್ನಡ ಶಾಲೆಯಲ್ಲಿ ಕಲಿತವಳಿಗೆ ಇದು ಅಸಾಧ್ಯವೇನಲ್ಲ, ತಯಾರಿಗೆ ಸಮಯ ಬೇಕು ಅಷ್ಟೆ.

ಅರ್ಜಿ ಹಾಕಿದ ಮೇಲೆ ಮನೆಯವರು ಪಾಲಿಸಬೇಕಾದ ಪಥ್ಯವೊಂದಿದೆ. ಅವಧಿಯೊಳಗೆ ಹಾಕಿದ್ದರೆ ತೀರ್ಮಾನ ಬರುವವರೆಗೆ ಅವಳು ಅಲ್ಲಿರಬಹುದು. ಆದರೆ ತೀರ್ಮಾನಕ್ಕೆ ಮೊದಲು ದೇಶ ಬಿಟ್ಟರೆ ಅರ್ಜಿ ಹಿಂತೆಗೆದುಕೊಂಡಂತೆ! ಗುಡ್ಡಾಪುರದ ದಾನಮ್ಮದೇವಿ ಜಾತ್ರೆಗೋ ತಮ್ಮನ ಲಗ್ನಕ್ಕೋ ಬಂದು ಹೋಗು ಎಂದು ಆ ದಿನಗಳಲ್ಲಿ ಹಟ ಹಿಡಿಯಬಾರದು.

ಅಮೆರಿಕದಲ್ಲಿ ನಿಯಮಗಳ ಹೆಸರು ಬೇರೆ, ಪೇಚು ಇಂಥದೇ. ಎಚ್-1ಬಿ ನೌಕರನ ಹೆಂಡತಿ ಎಚ್-4ರಲ್ಲಿ ಇರುತ್ತಾಳೆ, ಅಲ್ಲಿಯೇ ವಿಸ್ತರಿಸಲು ಐ-539 ಅರ್ಜಿ ಬೇಕು. ಕೆಲಸದ ಪರವಾನಗಿ ನವೀಕರಣಕ್ಕೆ ಅರ್ಜಿ ಹಾಕಿದವರಿಗೆ ಹಳೆಯ ಪರವಾನಗಿ ತಾನಾಗಿ ಮುಂದುವರಿಯುವ ಸೌಲಭ್ಯ 2025ರ ಅಕ್ಟೋಬರ್ 30ರಿಂದ ಸಲ್ಲಿಸಿದ ಬಹುತೇಕ ಅರ್ಜಿಗಳಿಗೆ ನಿಂತುಹೋಯಿತು. ಕಾಗದ ತಡವಾದರೆ ನಡೆಯುತ್ತಿದ್ದ ನೌಕರಿಯೇ ನಿಲ್ಲುತ್ತದೆ.

ಬೀಗ ಯಾರ ಕೈಯಲ್ಲಿ?

ಬ್ರಿಟನ್ನಿನಲ್ಲಿ ವೀಸಾ ಈಗ ಕೈಯಲ್ಲಿ ಹಿಡಿಯುವ ಕಾರ್ಡಾಗಿ ಉಳಿದಿಲ್ಲ. ಹಳೆಯ ಕಾರ್ಡುಗಳ ಅವಧಿ 2024ರ ಡಿಸೆಂಬರ್ 31ಕ್ಕೆ ಮುಗಿದು, ಎಲ್ಲವೂ ಆನ್‌ಲೈನ್ ಖಾತೆಗೆ ಹೋಗಿದೆ. ಆ ಖಾತೆ ತೆರೆಯುವುದು ಇಮೇಲ್ ಮತ್ತು ಮೊಬೈಲಿಗೆ ಬರುವ ಕೋಡಿನಿಂದ. ಹೆಂಡತಿಯ ಖಾತೆಗೆ ಗಂಡನ ಇಮೇಲ್, ಗಂಡನ ಮೊಬೈಲ್ ಕೊಟ್ಟಿದ್ದರೆ, ಅವಳ ವೀಸಾದ ಬೀಗದ ಕೈ ಅವನ ಜೇಬಿನಲ್ಲಿ ಇದ್ದಂತೆ.

ಸಂಸಾರ ಚೆನ್ನಾಗಿದ್ದಾಗ ಇದರಿಂದ ಏನೂ ತೊಂದರೆಯಿಲ್ಲ. ಕೆಟ್ಟಾಗ? ‘ನಿನ್ನ ವೀಸಾ ನಿಲ್ಲಿಸುತ್ತೇನೆ’ ಎಂಬ ಬೆದರಿಕೆಗೆ ಹೆದರಿ ಹೊಡೆತ ತಿನ್ನುವ ಹೆಣ್ಣುಮಕ್ಕಳು ಯಾವ ದೇಶದಲ್ಲೂ ಇದ್ದಾರೆ. ಇಂಥವರಿಗೆ ಬ್ರಿಟನ್ನಿನಲ್ಲಿ ಕಾನೂನಿನ ಆಸರೆ ಇದೆ. ಕೌಟುಂಬಿಕ ಹಿಂಸೆಯಿಂದ ಮದುವೆ ಮುರಿದರೆ, ಬ್ರಿಟಿಷ್ ಪ್ರಜೆಯ ಅಥವಾ ಕಾಯಂ ನೆಲೆಸಿದವನ ಹೆಂಡತಿ 3 ತಿಂಗಳ ತಾತ್ಕಾಲಿಕ ರಕ್ಷಣೆ, ಸರ್ಕಾರಿ ನೆರವು ಪಡೆದು, ಸ್ವತಃ ಕಾಯಂ ನೆಲೆಗೆ ಅರ್ಜಿ ಹಾಕಬಹುದು. 2024ರ ಫೆಬ್ರುವರಿಯಿಂದ ನೌಕರರ, ವಿದ್ಯಾರ್ಥಿಗಳ ಅವಲಂಬಿತರಿಗೂ ಆ 3 ತಿಂಗಳ ರಕ್ಷಣೆ ಸಿಗುತ್ತಿದೆ, ಆದರೆ ಕಾಯಂ ನೆಲೆಯ ದಾರಿ ಅವರಿಗೆ ಇದರಿಂದ ತೆರೆಯುವುದಿಲ್ಲ. ಇದನ್ನು ಕೇಳಲೂ ತಾನು ಯಾರು, ಯಾವ ವೀಸಾದಲ್ಲಿ ಬಂದವಳು ಎಂದು ಅವಳು ತೋರಿಸಬೇಕಲ್ಲವೇ?

ಆದ್ದರಿಂದ ಮಗಳನ್ನು ಕಳಿಸುವ ತಂದೆತಾಯಿ ಬಂಗಾರದ ಪಟ್ಟಿಯ ಜೊತೆ ಕಾಗದದ ಪಟ್ಟಿಯನ್ನೂ ಮಾಡಲಿ. ಪಾಸ್‌ಪೋರ್ಟ್, ವೀಸಾ, ಮದುವೆ ಪ್ರಮಾಣಪತ್ರ, ಶಾಲೆಯ ದಾಖಲೆ, ಜನನ ಪ್ರಮಾಣಪತ್ರ, ಇವುಗಳ ಒಂದು ನಕಲು ಅವಳ ಕೈಯಲ್ಲಿ, ಒಂದು ತವರಿನಲ್ಲಿ, ಒಂದು ಅವಳದೇ ಇಮೇಲಿನಲ್ಲಿ ಇರಲಿ. ಮಗನನ್ನು ಕಳಿಸುವವರೂ ಹೇಳಲಿ: ಬಾಡಿಗೆ ಕರಾರಿನಲ್ಲಿ ಸೊಸೆಯ ಹೆಸರು ಬರೆಸು, ಅವಳ ಖಾತೆ ಅವಳ ಮೊಬೈಲಿಗೇ ಇರಲಿ. ಇದು ಮಗನ ಮೇಲಿನ ಅಪನಂಬಿಕೆ ಅಲ್ಲ. ವಿಸ್ತರಣೆಯ ಅರ್ಜಿ ಗೆಲ್ಲುವುದೂ ಇದರಿಂದಲೇ, ಸೊಸೆಯ ನೆಮ್ಮದಿ ಉಳಿಯುವುದೂ ಇದರಿಂದಲೇ.

ಪ್ರತಿ ದೇಶದ ನಿಯಮ, ಶುಲ್ಕ ಬದಲಾಗುತ್ತಲೇ ಇರುತ್ತವೆ. ಅರ್ಜಿ ಹಾಕುವ ದಿನ ಆ ದೇಶದ ಸರ್ಕಾರದ ವೆಬ್‌ಸೈಟನ್ನೇ ನೋಡಿರಿ, ಏಜೆಂಟರ ಬಾಯಿಮಾತನ್ನು ನಂಬಿ ಹಣ ಕಟ್ಟಬೇಡಿ. ನಮ್ಮ ಪಂಚಾಯಿತಿಯ ನೋಂದಣಿ ಪುಸ್ತಕಕ್ಕೆ ಮಾತ್ರ ಕಾಯುವ ಕಾರಣವಿಲ್ಲ. ಈ ಹಂಗಾಮಿನಲ್ಲಿ ಲಗ್ನವಾದ ಮನೆಯವರು 90 ದಿನ ಮುಗಿಯುವ ಮೊದಲೇ 3 ಸಾಕ್ಷಿಗಳನ್ನು ಕರೆದುಕೊಂಡು ಹೋಗಿ ಬರಲಿ.