ಮೂರು ದಿನದ ಕೆಲಸ, ಒಂದು ಮಾತಿನ ದರ

“ಕಾರಿಗೆ ಎಷ್ಟು?”

ಹಾಸನದ ಬಿ.ಎಂ. ರಸ್ತೆಯಲ್ಲಾಗಲಿ, ಚನ್ನರಾಯಪಟ್ಟಣದ ಹೆದ್ದಾರಿ ಬದಿಯಲ್ಲಾಗಲಿ, ಕಾರನ್ನು ತೊಳೆದು, ತಿಕ್ಕಿ, ಹೊಳಪು ಕೊಡುವ ಅಂಗಡಿಗಳಿಗೆ ದಿನವೂ ಬರುವ ಮೊದಲ ಪ್ರಶ್ನೆ ಇದು. ಈ ಕೆಲಸಕ್ಕೆ ಈಗ ಡೀಟೇಲಿಂಗ್ ಎಂದು ಹೆಸರು. ಕಾರು ಎಷ್ಟು ವರ್ಷ ಓಡಿದೆ, ಎಂಥ ರಸ್ತೆಯಲ್ಲಿ ಓಡಿದೆ, ಸೀಟಿನ ಮೇಲೆ ಏನು ಚೆಲ್ಲಿದೆ ಎಂಬ ಯಾವುದನ್ನೂ ನೋಡದೆ ಅಂಗಡಿಯವನು ಫೋನಿನಲ್ಲೇ ಒಂದು ಅಂಕಿ ಹೇಳುತ್ತಾನೆ. ಪಕ್ಕದವನು ಅದಕ್ಕಿಂತ ಸಾವಿರ ಕಡಿಮೆ ಹೇಳುತ್ತಾನೆ. ಮೂರನೆಯವನು ಇನ್ನೂ ಎರಡು ಸಾವಿರ ಇಳಿಸಿ, “ನಾಳೆ ಸಂಜೆಗೇ ಕೊಡುತ್ತೇನೆ” ಎಂದು ಸೇರಿಸುತ್ತಾನೆ. ಇದನ್ನು ಪೈಪೋಟಿ ಎನ್ನುತ್ತಾರೆ. ಈ ಪೈಪೋಟಿಯ ಖರ್ಚನ್ನು ಹೊರುವವರು ಯಾರು ಎಂಬುದೇ ನಮ್ಮ ಪ್ರಶ್ನೆ.

ಕಾರಿಟ್ಟವರ ಸಂಗತಿ ನಮಗೇಕೆ ಎಂದು ಗಿರಣಿಯ ಗೆಳೆಯರು ಕೇಳಬಹುದು. ನಾವು ಮಾತನಾಡುತ್ತಿರುವುದು ಕಾರಿನೊಳಗೆ ಕುಳಿತವರ ಬಗ್ಗೆ ಅಲ್ಲ, ಕಾರಿನ ಪಕ್ಕದಲ್ಲಿ ಮಂಡಿಯೂರಿದವರ ಬಗ್ಗೆ. ನಿಮ್ಮ ಮನೆಗಳ ಹುಡುಗರೇ ಈ ಕೆಲಸಕ್ಕೆ ಸೇರುತ್ತಿದ್ದಾರೆ. ಅಂಗಡಿ ಇಟ್ಟವರೂ ದೊಡ್ಡ ಧಣಿಗಳಲ್ಲ. ಸಾಲದ ಯಂತ್ರ, ಬಾಡಿಗೆಯ ಶೆಡ್ಡು, ಇಬ್ಬರು ಆಳು, ಇಷ್ಟೇ ಬಂಡವಾಳದ ಸಣ್ಣ ವ್ಯಾಪಾರಿಗಳು.

ಈ ಕೆಲಸ ದಿನಗಟ್ಟಲೆ ಹಿಡಿಯುವುದು ಸೋಮಾರಿತನದಿಂದಲ್ಲ. ಅರಕಲಗೂಡಿನ ಕೆಸರು ರಸ್ತೆಯಿಂದ ಬಂದ ಕಾರಿನ ಅಡಿಯಲ್ಲಿ ಮಣ್ಣು ಗಟ್ಟಿಕಟ್ಟಿರುತ್ತದೆ. ಕೊಳವೆ ಬಾವಿಯ ಗಡಸು ನೀರಿನಲ್ಲಿ ತೊಳೆದ ಕಾರಿನ ಮೇಲೆ ಬಿಳಿ ಕಲೆ ಕೂತಿರುತ್ತದೆ. ರಾಮನಾಥಪುರದ ಹರಾಜಿಗೆ ಹೊಗೆಸೊಪ್ಪು ಸಾಗಿಸಿದ ಗಾಡಿಯ ವಾಸನೆ ಒಂದು ತೊಳೆತಕ್ಕೆ ಹೋಗುವುದಲ್ಲ. ಮೊದಲ ದಿನ ತೊಳೆತ, ಬಣ್ಣಕ್ಕೆ ಅಂಟಿದ ಕೊಳೆಯನ್ನು ಜೇಡಿಯಂಥ ಉಂಡೆಯಿಂದ ತೆಗೆಯುವುದು, ಸೀಟುಗಳನ್ನು ನೊರೆಯಲ್ಲಿ ತೊಳೆಯುವುದು. ಎರಡನೆಯ ದಿನ ಯಂತ್ರ ಹಿಡಿದು ಗೀರು ತೆಗೆಯುವುದು. ಕಾರಿನ ಬಣ್ಣದ ಮೇಲಿರುವ ಪಾರದರ್ಶಕ ಪದರ ತಲೆಗೂದಲಿಗಿಂತ ತೆಳು. ಅವಸರಪಟ್ಟು ಯಂತ್ರವನ್ನು ಒಂದೇ ಕಡೆ ಒತ್ತಿದರೆ ಪದರ ಸುಟ್ಟುಹೋಗುತ್ತದೆ. ಮತ್ತೆ ಬಣ್ಣ ಹೊಡೆಯದೆ ಗತಿಯಿಲ್ಲ. ಮೂರನೆಯ ದಿನ ಎಣ್ಣೆಯ ಅಂಶ ಒರೆಸಿ ಸೆರಾಮಿಕ್ ಲೇಪ ಹಚ್ಚುವುದು. ಹಚ್ಚಿದ ಮೇಲೂ ಕನಿಷ್ಠ ಒಂದು ದಿನ ಅದಕ್ಕೆ ನೀರು ಸೋಕಬಾರದು. ಆಷಾಢದ ಮಳೆಯಲ್ಲಿ ತೊಳೆದ ಸೀಟು ಒಣಗುವುದಕ್ಕೇ ಒಂದೂವರೆ ದಿನ ಬೇಕು. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಎಂಬ ಗಾದೆ ಈ ಕಸುಬಿಗೂ ಸಲ್ಲುತ್ತದೆ.

ಈಗ ಒಂದು ಲೆಕ್ಕ ಹಾಕೋಣ. ಅಂಕಿಗಳು ನಾವು ಉದಾಹರಣೆಗೆ ಇಟ್ಟುಕೊಂಡವು. ಓದುಗರು ತಮ್ಮ ಊರಿನ ಅಂಕಿ ಹಾಕಿಕೊಳ್ಳಲಿ. ಇಬ್ಬರು ಆಳು, ದಿನಕ್ಕೆ ೮ ಗಂಟೆಯಂತೆ ೩ ದಿನ, ಒಟ್ಟು ೪೮ ಗಂಟೆ. ಗಂಟೆಗೆ ೧೦೦ ರೂಪಾಯಿಯಂತೆ ಕೂಲಿ ೪,೮೦೦. ಸಾಮಗ್ರಿ ೩,೨೦೦. ಶೆಡ್ಡಿನ ಬಾಡಿಗೆ, ವಿದ್ಯುತ್ತು ದಿನಕ್ಕೆ ೮೦೦ರಂತೆ ೨,೪೦೦. ಯಂತ್ರದ ಸವೆತ ೬೦೦. ಅಂಗಡಿಯವನು ಕಾರು ನೋಡಿ, ಮಾತಾಡಿ, ಕೊನೆಗೆ ಪರೀಕ್ಷಿಸುವ ೬ ಗಂಟೆಗೆ ೯೦೦. ಎಲ್ಲ ಸೇರಿ ೧೧,೯೦೦. ಲಾಭದ ಒಂದು ಬಿಡಿಗಾಸೂ ಇದರಲ್ಲಿ ಸೇರಿಲ್ಲ.

ಆದರೆ ಫೋನಿನಲ್ಲಿ ಹೇಳಿದ್ದು ೯,೦೦೦. ಕಳೆದುಹೋದ ೨,೯೦೦ ಎಲ್ಲಿಂದ ಬರಬೇಕು? ಸಾಮಗ್ರಿ ಮಾರುವವನು ಬಿಡುವುದಿಲ್ಲ. ಶೆಡ್ಡಿನ ಮಾಲೀಕನು ಬಿಡುವುದಿಲ್ಲ. ಮೊದಲು ಅಂಗಡಿಯವನು ತನ್ನ ೯೦೦ನ್ನೂ ಯಂತ್ರದ ೬೦೦ನ್ನೂ ನುಂಗಿಕೊಳ್ಳುತ್ತಾನೆ. ಉಳಿದ ೧,೪೦೦ ಕೂಲಿಯಿಂದ ಕಳಚುತ್ತದೆ. ನೂರು ರೂಪಾಯಿಯ ಗಂಟೆ ಸುಮಾರು ಎಪ್ಪತ್ತೊಂದಕ್ಕೆ ಇಳಿಯುತ್ತದೆ. ಕೈ ಕೆಸರಾದರೆ ಬಾಯಿ ಮೊಸರು ಎಂದು ಹಿರಿಯರು ಹೇಳಿದ್ದರು. ಇಲ್ಲಿ ಕೆಸರು ಒಬ್ಬನ ಕೈಗೆ, ಮೊಸರು ಇನ್ನೊಬ್ಬನ ಬಾಯಿಗೆ!

ಇದಕ್ಕಿಂತ ಕ್ರೂರವಾದದ್ದು ಒಣಗುವ ದಿನದ ಕಥೆ. “ಇವತ್ತು ಸೀಟು ಒಣಗಬೇಕು, ನೀನು ಮನೆಗೆ ಹೋಗು” ಎಂದು ಹುಡುಗನನ್ನು ಕಳಿಸುತ್ತಾರೆ. ಆ ದಿನಕ್ಕೆ ಕೂಲಿಯಿಲ್ಲ. ಗಿರಣಿಯ ಗೆಳೆಯರಿಗೆ ಈ ಮಾತು ಹೊಸದಲ್ಲ. ನೂಲು ಬಾರದೆ, ವಿದ್ಯುತ್ತು ಇಲ್ಲದೆ ಮಗ್ಗ ನಿಂತಾಗ ಹೊಟ್ಟೆಯೂ ನಿಲ್ಲಬೇಕೆ ಎಂದು ನಿಮ್ಮ ಹಿರಿಯರು ಕೇಳಿದ್ದರು. ೧೯೫೩ರಲ್ಲಿ ಕೈಗಾರಿಕಾ ವಿವಾದಗಳ ಕಾಯ್ದೆಗೆ ತಿದ್ದುಪಡಿಯಾಗಿ, ಕೆಲಸ ಕೊಡದೆ ಕೂರಿಸಿದ ದಿನಕ್ಕೆ ಅರ್ಧ ಸಂಬಳ ಕೊಡಬೇಕೆಂಬ ಮಾತು ಶಾಸನಕ್ಕೆ ಸೇರಿತು. ಆದರೆ ಐವತ್ತಕ್ಕಿಂತ ಕಡಿಮೆ ಕೆಲಸಗಾರರಿರುವ ಕಡೆಗೆ ಅದು ತಲುಪಲಿಲ್ಲ. ಇಬ್ಬರು ಆಳಿನ ಶೆಡ್ಡನ್ನು ಕೇಳುವವರು ಯಾರು?

ಶಾಸನ ತಲುಪದ ಕಡೆ ವ್ಯವಸ್ಥೆ ತಲುಪಬೇಕು. ಒಂದು ಕಾರಿನ ಸೀಟು ಒಣಗುವ ದಿನ ಇನ್ನೊಂದು ಕಾರಿನ ತೊಳೆತಕ್ಕೆ ಮೊದಲೇ ದಿನ ಗೊತ್ತುಮಾಡಿದ್ದರೆ ಆ ಹುಡುಗ ಮನೆಗೆ ಹೋಗಬೇಕಾಗಿಲ್ಲ, ಅಂಗಡಿಯವನಿಗೆ ನಷ್ಟವೂ ಇಲ್ಲ. ಗೋಡೆಯ ಕ್ಯಾಲೆಂಡರಿನಲ್ಲಿ ಎಳೆದ ನಾಲ್ಕು ಗೆರೆ ಒಂದು ದಿನದ ಕೂಲಿಯನ್ನು ಉಳಿಸಬಲ್ಲದು. ಅಷ್ಟಾಗಿಯೂ ಕೆಲಸ ಸಿಕ್ಕದ ದಿನವಿದ್ದರೆ, ಅದರ ಕೂಲಿ ಆ ಕಾರಿನ ದರದೊಳಗೇ ಇರಬೇಕು.

ಗಿರಾಕಿಯೂ ಇದರಲ್ಲಿ ಸುಖಿಯಲ್ಲ. ಹೊಳೆನರಸೀಪುರದ ಟ್ಯಾಕ್ಸಿಯವನು ಹಾಸನಕ್ಕೆ ಬಂದು ಗಾಡಿ ಬಿಟ್ಟು, ಬಸ್ಸು ಹಿಡಿದು ಊರಿಗೆ ಹೋಗುತ್ತಾನೆ. ಹೇಳಿದ ಸಂಜೆ ಮತ್ತೆ ಬಸ್ಸಿನಲ್ಲಿ ಬಂದರೆ “ಇನ್ನೂ ಆಗಿಲ್ಲ ಅಣ್ಣ, ನಾಳೆ ಬನ್ನಿ” ಎಂಬ ಮಾತು. ಅವನ ಒಂದು ದಿನದ ಬಾಡಿಗೆ ಹೋಯಿತು, ಬಸ್ಸಿನ ದುಡ್ಡು ಹೋಯಿತು, ನಂಬಿಕೆಯೂ ಹೋಯಿತು. ಸುಳ್ಳು ದಿನ ಹೇಳುವುದೂ ಸುಳ್ಳು ದರ ಹೇಳುವುದೂ ಒಂದೇ ಬಳ್ಳಿಯ ಎರಡು ಕಾಯಿ.

ಆಯುಧಪೂಜೆಯ ವಾರ ಬಂದರಂತೂ ಹೇಳುವುದೇ ಬೇಡ. ಶೆಡ್ಡಿನಲ್ಲಿ ಜಾಗ ಎರಡು ಕಾರಿಗೆ, ಒಪ್ಪಿಕೊಂಡದ್ದು ಏಳು ಕಾರು! ಆಮೇಲೆ ರಾತ್ರಿ ಎರಡು ಗಂಟೆಯವರೆಗೆ ಯಂತ್ರದ ಸದ್ದು. ಅಂಗಡಿಗಳ ಕೆಲಸಗಾರರಿಗೆ ದಿನಕ್ಕೆ ಒಂಬತ್ತು, ವಾರಕ್ಕೆ ನಲವತ್ತೆಂಟು ಗಂಟೆಯ ಮಿತಿಯನ್ನೂ ಮೀರಿದ ಗಂಟೆಗೆ ಇಮ್ಮಡಿ ಕೂಲಿಯನ್ನೂ ಬರೆದದ್ದು ನಮ್ಮ ರಾಜ್ಯದ ೧೯೬೧ರ ಕಾಯ್ದೆ. ಇಮ್ಮಡಿ ಕೂಲಿ ಕಂಡವರು ಕೈಯೆತ್ತಲಿ! ನಿದ್ದೆಗಣ್ಣಿನಲ್ಲಿ ಬಾನೆಟ್ಟಿನ ಬಣ್ಣ ಸುಟ್ಟರೆ ಅದರ ದಂಡವೂ ಹುಡುಗನ ಲೆಕ್ಕಕ್ಕೇ. ಏಳು ಕಾರು ಒಪ್ಪಿಕೊಂಡವನು ಯಾರು, ದಂಡ ತೆತ್ತವನು ಯಾರು? ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ.

“ದರ ಏರಿಸಿದರೆ ಗಿರಾಕಿ ಮುಂದಿನ ಅಂಗಡಿಗೆ ಹೋಗುತ್ತಾನೆ” ಎಂದು ಅಂಗಡಿಯ ಮಿತ್ರರು ಹೇಳುತ್ತಾರೆ. ಈ ಭಯ ನಿಜವಾದದ್ದು. ನಾವು ಅದನ್ನು ಹಗುರಮಾಡುವುದಿಲ್ಲ. ಆದರೆ ಮುಂದಿನ ಅಂಗಡಿಯವನಿಗೂ ಇದೇ ಭಯ. ನಾಲ್ಕು ಊರಿನವರೂ ಒಬ್ಬರನ್ನೊಬ್ಬರು ಹೆದರಿಸುತ್ತ, ಎಲ್ಲರೂ ಕೂಡಿ ಕೆಳಗಿಳಿಯುತ್ತಿದ್ದೇವೆ. ಎಲ್ಲರ ದರವೂ ಒಂದೇ ಇರಲಿ ಎಂದು ನಾವು ಹೇಳುವುದಿಲ್ಲ. ಕೈಚಳಕ ಬೇರೆ, ಸಾಮಗ್ರಿ ಬೇರೆ, ದರವೂ ಬೇರೆಯಾಗಲಿ. ಒಂದೇ ಇರಬೇಕಾದದ್ದು ಕೂಲಿಯ ತಳ. ಅದರ ಕೆಳಗೆ ಯಾರೂ ಇಳಿಯಬಾರದು.

ನಾವು ಕೇಳುವುದು ಇಷ್ಟೆ. ಕಾರನ್ನು ಕಣ್ಣಿಂದ ನೋಡದೆ ಕೊನೆಯ ದರ ಹೇಳಬಾರದು. ನೋಡಿದ ಮೇಲೆ ಚೀಟಿ ಬರೆಯಬೇಕು: ಕೆಲಸದ ಗಂಟೆ ಎಷ್ಟು, ಸಾಮಗ್ರಿ ಎಷ್ಟು, ಒಣಗುವ ದಿನ ಎಷ್ಟು, ಕಾರು ಕೊಡುವ ದಿನ ಯಾವುದು, ತೆರಿಗೆ ಸೇರಿದೆಯೋ ಇಲ್ಲವೋ. ಸಾಮಗ್ರಿಯ ಹಣ ಮುಂಗಡ ಬರಬೇಕು. ನಡುವೆ ಹೊಸ ಕೆಲಸ ಕಂಡರೆ ಗಿರಾಕಿಯನ್ನು ಕೇಳಿ ಒಪ್ಪಿಗೆ ಪಡೆದೇ ಕೈಹಾಕಬೇಕು. ಜಾಗವಿದ್ದಷ್ಟೇ ಕಾರು ಒಪ್ಪಿಕೊಳ್ಳಬೇಕು. ಆಳಿಗೆ ಗಂಟೆಯ ಲೆಕ್ಕ ಪುಸ್ತಕದಲ್ಲಿರಬೇಕು. ಪುಸ್ತಕವಿಟ್ಟವನಿಗೆ ಇನ್ನೊಂದು ಲಾಭವೂ ಉಂಟು. ೨೦೨೫ರ ಜುಲೈನಲ್ಲಿ ಯುಪಿಐ ವಹಿವಾಟು ನೋಡಿ ರಾಜ್ಯದ ಸಣ್ಣ ವ್ಯಾಪಾರಿಗಳಿಗೆ ತೆರಿಗೆ ನೋಟೀಸು ಬಂದಾಗ, ಲೆಕ್ಕವಿಲ್ಲದವನ ಪಾಡು ಏನೆಂಬುದನ್ನು ಎಲ್ಲರೂ ಕಂಡಿದ್ದೇವೆ.

ಗಿರಣಿಯ ಗೆಳೆಯರೇ, ನಿಮ್ಮ ತಮ್ಮಂದಿರನ್ನು ಈ ಭಾನುವಾರ ಒಂದು ಪ್ರಶ್ನೆ ಕೇಳಿ: ಹೋದ ವಾರ ಎಷ್ಟು ಗಂಟೆ ದುಡಿದೆ? ಉತ್ತರ ಗೊತ್ತಿಲ್ಲದಿದ್ದರೆ ಒಂದು ಪೆನ್ನು, ಒಂದು ಚಿಕ್ಕ ಪುಸ್ತಕ ಕೊಡಿಸಿ. ಹೋರಾಟ ಅಲ್ಲಿಂದಲೇ ಮೊದಲಾಗಲಿ. ಅಂಗಡಿಯ ಮಿತ್ರರೇ, ಮುಂದಿನ ಸಲ “ಕಾರಿಗೆ ಎಷ್ಟು?” ಎಂದು ಫೋನು ಬಂದಾಗ ಅಂಕಿ ಹೇಳಬೇಡಿ. “ಕಾರು ತನ್ನಿ, ನೋಡೋಣ” ಎನ್ನಿ. ಆ ಒಂದು ಮಾತಿಗೆ ಬೇಕಾದ ಧೈರ್ಯ ಒಬ್ಬನಿಗೆ ಸಾಲದು. ನಾಲ್ಕು ಊರಿನವರೂ ಸೇರಿದರೆ ಸಾಕಾಗಿ ಮಿಗುತ್ತದೆ.